ಬ್ಲೆಂಡರ್‌ನಲ್ಲಿ ಮನೆ ನಿಜದಂತೆ ಕಾಣಬೇಕಾ? ಮೊದಲು ಬೆಳಕು, ಆಮೇಲೆ ಟೆಕ್ಸ್‌ಚರ್

ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಮನೆಯ ಮಾಡೆಲ್ ಮುಗಿದ ಕೂಡಲೇ ಮರದ ಟೆಕ್ಸ್‌ಚರ್ (ಮೇಲ್ಮೈಗೆ ಹೊದಿಸುವ ಚಿತ್ರ), ಗ್ರಾನೈಟ್ ಟೆಕ್ಸ್‌ಚರ್ ಅಂತ ಡೌನ್‌ಲೋಡ್ ಮಾಡೋಕೆ ಕೂರಬೇಡಿ. ಬಣ್ಣವಿಲ್ಲದೆ ಚೆನ್ನಾಗಿ ಕಾಣದ ಕೋಣೆ ಬಣ್ಣ ಹಚ್ಚಿದ ಮೇಲೂ ಚೆನ್ನಾಗಿ ಕಾಣುವುದಿಲ್ಲ.

ರೆಂಡರ್ ಎಂಜಿನ್ (ಸೀನನ್ನು ಚಿತ್ರವಾಗಿಸುವ ಭಾಗ) ಆಗಿ ಸೈಕಲ್ಸ್ ಆರಿಸಿಕೊಂಡು, ವ್ಯೂ ಲೇಯರ್ ಟ್ಯಾಬ್‌ನಲ್ಲಿರುವ ಮೆಟೀರಿಯಲ್ ಓವರ್‌ರೈಡ್‌ಗೆ ಒಂದು ಬೂದು ಮೆಟೀರಿಯಲ್ (ಮೇಲ್ಮೈಯ ಬಣ್ಣ, ಹೊಳಪಿನ ಸೆಟ್ಟಿಂಗ್) ಕೊಡಿ. ಇಡೀ ಸೀನ್ ಬೂದಾಗುತ್ತದೆ. ಕಿಟಕಿ ಗಾಜನ್ನು ಮಾತ್ರ ಹೈಡ್ ಮಾಡಿ, ಇಲ್ಲದಿದ್ದರೆ ಅದೂ ಗೋಡೆಯಂತಾಗಿ ಒಳಗೆಲ್ಲ ಕತ್ತಲು!

ಈಗ ಬಿಸಿಲು. ಸ್ಕೈ ಟೆಕ್ಸ್‌ಚರ್ ಹಾಕಿದರೆ ಆಕಾಶ, ಸೂರ್ಯ ಎರಡೂ ಒಟ್ಟಿಗೆ ಸಿಗುತ್ತವೆ, ಆದರೆ ಬೆಳಕು ವಿಪರೀತ ಜಾಸ್ತಿ ಇರುತ್ತದೆ, ಎಕ್ಸ್‌ಪೋಷರ್ ಇಳಿಸಲೇಬೇಕು. ಹೊತ್ತು ನೋಡಿ ಆರಿಸಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ಬೆಂಗಳೂರಿನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಕಿಟಕಿಯಿಂದ ಬಿಸಿಲು ಒಳಗೆ ಬೀಳುವುದೇ ಇಲ್ಲ. ಬೆಳಿಗ್ಗೆ ಎಂಟೂವರೆಯ ಓರೆ ಬಿಸಿಲು ಇಟ್ಟುಕೊಳ್ಳಿ, ಕಿಟಕಿ ಸರಳಿನ ನೆರಳು ನೆಲದ ಮೇಲೆ ಉದ್ದಕ್ಕೆ ಬೀಳುತ್ತದೆ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಬೇರೆಯಾಗಿ ಸನ್ ಲೈಟ್ ಹಾಕುವವರು ಅದರ ಆ್ಯಂಗಲ್ ಮುಟ್ಟಬೇಡಿ. ಅಲ್ಲಿ ಮೊದಲೇ ಇರುವ 0.526 ಡಿಗ್ರಿ ಅಂದರೆ ಆಕಾಶದಲ್ಲಿ ನಿಜವಾದ ಸೂರ್ಯ ಕಾಣುವಷ್ಟೇ ಅಗಲ.

ಮೂಲೆಗಳು ಕಪ್ಪಾಗಿದ್ದರೆ ಸುಮ್ನೆ ಇನ್ನೊಂದು ಲೈಟ್ ತುರುಕಬೇಡಿ. ಡಿಫ್ಯೂಸ್ ಬೌನ್ಸ್ (ಬೆಳಕು ಗೋಡೆ, ನೆಲಕ್ಕೆ ತಾಗಿ ಎಷ್ಟು ಸಲ ಪುಟಿಯಬೇಕು ಎಂಬ ಲೆಕ್ಕ) 4 ಇರುತ್ತದೆ, 8 ಮಾಡಿ ನೋಡಿ. ರಾತ್ರಿಯ ಸೀನ್ ಆದರೆ ಬಲ್ಬಿಗೆ ಬ್ಲ್ಯಾಕ್‌ಬಾಡಿ ನೋಡ್ (ಉಷ್ಣತೆ ಕೊಟ್ಟರೆ ಅದಕ್ಕೆ ತಕ್ಕ ಬೆಳಕಿನ ಬಣ್ಣ ಕೊಡುವ ಪೆಟ್ಟಿಗೆ), 2700ರಿಂದ 3000 ಕೆಲ್ವಿನ್.

ಬೂದು ಕೋಣೆಯೇ ಚೆಂದ ಕಂಡ ಮೇಲೆ ಓವರ್‌ರೈಡ್ ತೆಗೆದು ಮೆಟೀರಿಯಲ್‌ಗೆ ಬನ್ನಿ. ಬಿಳಿ ಗೋಡೆಗೆ ಪೂರ್ತಿ 1.0 ಬಿಳಿ ಬೇಡ, 0.8 ಸಾಕು. ಬಿದ್ದ ಬೆಳಕನ್ನೆಲ್ಲ ವಾಪಸ್ ಕೊಡುವ ಸುಣ್ಣ ಎಲ್ಲೂ ಇಲ್ಲ ಅಲ್ವಾ?

ನಿಜದ ಗುಟ್ಟು ಇರುವುದು ಬಣ್ಣಕ್ಕಿಂತ ಜಾಸ್ತಿ ರಫ್‌ನೆಸ್‌ನಲ್ಲಿ, ಅಂದರೆ ಮೇಲ್ಮೈ ಎಷ್ಟು ಮಂಕು ಎಂಬುದರಲ್ಲಿ. ಹಳೇ ಮನೆಯ ರೆಡ್ ಆಕ್ಸೈಡ್ ನೆಲವನ್ನೇ ತೆಗೆದುಕೊಳ್ಳಿ. ಜನ ಓಡಾಡಿದ ಕಡೆ ಕನ್ನಡಿಯಂತೆ ಹೊಳೆಯುತ್ತದೆ, ಮಂಚದ ಕೆಳಗೆ, ಗೋಡೆಯಂಚಿನಲ್ಲಿ ಮಂಕು. ಒಂದು ನಾಯ್ಸ್ ಟೆಕ್ಸ್‌ಚರ್ (ಅಡ್ಡಾದಿಡ್ಡಿ ಮಚ್ಚೆಗಳು), ಅದರ ಮುಂದೆ ಆ ಏರಿಳಿತವನ್ನು ಹಿಡಿತದಲ್ಲಿಡುವ ಕಲರ್ ರ‍್ಯಾಂಪ್, ಅಲ್ಲಿಂದ ನೇರ ರಫ್‌ನೆಸ್‌ಗೆ. ರಫ್‌ನೆಸ್ 0.15ರಿಂದ 0.35ರ ನಡುವೆ ಏರಿಳಿಯಲಿ. ಕಿಟಕಿಯ ಪ್ರತಿಬಿಂಬ ಒಂದು ಕಡೆ ಚೂಪಾಗಿ, ಇನ್ನೊಂದು ಕಡೆ ಕದಡಿದಂತೆ ಕಂಡರೆ ನೆಲ ಸರಿಯಾಯಿತು. ಬಿರುಕಿನ ಟೆಕ್ಸ್‌ಚರ್ ಹಾಕುವ ಆಸೆ ಬರುತ್ತದೆ, ತಡೆದುಕೊಳ್ಳಿ.

ರಫ್‌ನೆಸ್, ನಾರ್ಮಲ್ ಮ್ಯಾಪ್ (ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರ) ಇಮೇಜುಗಳನ್ನು ನಾನ್-ಕಲರ್ (ಬಣ್ಣವಲ್ಲ, ಬರೀ ಅಂಕಿ ಎಂದು ಓದುವಂತೆ) ಮಾಡುವುದು ಬಹಳ ಜನ ಮರೆಯುತ್ತಾರೆ. ನಾರ್ಮಲ್ ಮ್ಯಾಪ್ ಓಪನ್‌ಜಿಎಲ್ ಬಗೆಯದೇ ಇರಲಿ, ಡೈರೆಕ್ಟ್‌ಎಕ್ಸ್ ಹಾಕಿದರೆ ಉಬ್ಬು ತಗ್ಗಾಗಿ ಕಾಣುತ್ತದೆ. ಅಳತೆಯೂ ಅಷ್ಟೇ ಮುಖ್ಯ. ಎರಡಡಿ ಟೈಲ್ ಎರಡಡಿಯೇ ಇರಬೇಕು, ಹಾಗಾಗಿ ಮೊದಲು ಕಂಟ್ರೋಲ್-ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ, ಆಮೇಲೆ ಟೆಕ್ಸ್‌ಚರ್ ಕೂರಲು ಮೇಲ್ಮೈಯನ್ನು ಬಿಡಿಸಿ ಹರಡುವ ಅನ್‌ರ‍್ಯಾಪ್. ಮೇಜು, ಬಾಗಿಲ ಚೌಕಟ್ಟುಗಳ ಅಂಚಿಗೆ ಎರಡು ಮಿಲಿಮೀಟರ್ ಬೆವೆಲ್ ಕೊಟ್ಟು ಚೂಪು ಸವೆಸಿದರೆ ಅಂಚಿನಲ್ಲಿ ಸಣ್ಣ ಬೆಳಕಿನ ಗೆರೆ ಮೂಡುತ್ತದೆ.

ರೆಂಡರ್‌ನ ಕಾಳುಕಾಳು ಚುಕ್ಕಿಗಳನ್ನು ಅಳಿಸುವ ಡಿನಾಯ್ಸ್ ಕೊನೆಗೆ. ಸ್ಯಾಂಪಲ್ (ಪ್ರತಿ ಪಿಕ್ಸೆಲ್‌ಗೆ ಲೆಕ್ಕ ಹಾಕುವ ಬೆಳಕಿನ ಕಿರಣಗಳು) ತೀರಾ ಕಡಿಮೆ ಇಟ್ಟು ಡಿನಾಯ್ಸ್ ಮೇಲೆ ಭಾರ ಹಾಕಿದರೆ ಮರದ ಎಳೆ, ಗೋಡೆಯ ತರಿ ಎಲ್ಲ ಅಳಿಸಿ ಮೇಣ ಸವರಿದ ಹಾಗೆ ಆಗುತ್ತದೆ. ಹಾಗಾದರೆ ಸ್ಯಾಂಪಲ್ ಏರಿಸಿ ಮತ್ತೆ ರೆಂಡರ್‌ಗೆ ಹಾಕಿ.