ಮನೆಯ ಸರ್ವರ್‌ಗೆ ಯಾವ ಸರ್ವಿಸ್ ಮ್ಯಾನೇಜರ್? ನನ್ನ ಅನುಭವ

ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ ಮನೆಯ ಸರ್ವರ್ ಮಾಡಿಕೊಂಡಿದ್ದೇನೆ. ಮನೆಮಂದಿಗೆಲ್ಲ ಫೋಟೊ ಹಂಚುವ ಸಾಂಬಾ ಸದಾ ಓಡುತ್ತಿರಬೇಕು; ಲ್ಯಾಪ್‌ಟಾಪ್‌ಗಳ ಬ್ಯಾಕಪ್ ಪಡೆಯುವ ಆರ್‌ಸಿಂಕ್‌ಗೆ ರಾತ್ರಿ ಮಾತ್ರ ಕೆಲಸ. ಈ ಎರಡು ಬಗೆಯ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸರ್ವಿಸ್ ಮ್ಯಾನೇಜರ್ ಆಗಿ ಯಾವುದು ಸೂಕ್ತವೆಂದು ತಿಳಿಯಲು ನಾಲ್ಕು ವ್ಯವಸ್ಥೆಗಳನ್ನು ಒಂದೊಂದಾಗಿ ನಡೆಸಿ ನೋಡಿದೆ.

1986ರ 4.3ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯೊಂದಿಗೆ ಬಂದ ಇನೆಟ್‌ಡಿ, ಸೇವೆಗಳ ಎಲ್ಲ ಪೋರ್ಟ್‌ಗಳನ್ನೂ (ನೆಟ್‌ವರ್ಕ್ ಸಂಪರ್ಕ ಬಂದು ಸೇರುವ, ಸಂಖ್ಯೆ ಹೊತ್ತ ಬಾಗಿಲುಗಳನ್ನು) ತಾನೇ ಕಾಯುತ್ತಿದ್ದು, ಸಂಪರ್ಕ ಬಂದಾಗ ಮಾತ್ರ ಆಯಾ ಪ್ರೋಗ್ರಾಂ ಅನ್ನು ಎಬ್ಬಿಸುತ್ತದೆ. ಸೇವೆಗೊಂದು ಸಾಲು ಬರೆದರೆ ಸಾಕು. ಯಾರಿಗೆ ಪ್ರವೇಶ, ಯಾವ ಹೊತ್ತಿನಲ್ಲಿ, ಏಕಕಾಲಕ್ಕೆ ಎಷ್ಟು ಸಂಪರ್ಕ ಎಂಬ ಮಿತಿಗಳನ್ನು ಅದಕ್ಕೆ ಸೇರಿಸಿದ್ದು ಎಕ್ಸ್‌ಇನೆಟ್‌ಡಿ. ಆರ್‌ಸಿಂಕ್‌ಗೆ ಇದು ಚೆನ್ನಾಗಿಯೇ ಒಗ್ಗಿತು. ಆದರೆ ತಾನಾಗಿಯೇ ಓಡುತ್ತಿರುವ ಸಾಂಬಾ ನಿಂತುಹೋದರೆ ಇವೆರಡಕ್ಕೂ ಅದರ ಸುದ್ದಿಯೇ ಇರುವುದಿಲ್ಲ.

ರನಿಟ್ ಗಮನ ಕೊಡುವುದು ಅದಕ್ಕೇ. ಪ್ರತಿ ಸೇವೆಗೂ ‘ರನ್’ ಎಂಬ ಪುಟ್ಟ ಸ್ಕ್ರಿಪ್ಟ್. ಪ್ರೋಗ್ರಾಂ ಹಿನ್ನೆಲೆಗೆ ಸರಿಯದೆ ಮುನ್ನೆಲೆಯಲ್ಲೇ ಓಡಬೇಕೆಂಬುದೊಂದೇ ಷರತ್ತು. ಸತ್ತರೆ ಕೂಡಲೇ ಮತ್ತೆ ಶುರು. ಇಷ್ಟು ಸರಳವಾದ, ಒಮ್ಮೆ ಓದಿದರೆ ಪೂರ್ತಿ ಅರ್ಥವಾಗುವ ವಿನ್ಯಾಸವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ ಫೋಟೊಗಳಿರುವ ಡಿಸ್ಕ್ ಮೌಂಟ್ ಆಗಿದೆಯೇ (ಬಳಕೆಗೆ ಸಿಗುವಂತೆ ಜೋಡಣೆಯಾಗಿದೆಯೇ) ಎಂಬ ಪರೀಕ್ಷೆಯನ್ನು ಸ್ಕ್ರಿಪ್ಟಿನಲ್ಲಿ ನಾವೇ ಬರೆಯಬೇಕು.

ಕೊನೆಗೆ ನಾನು ಉಳಿಸಿಕೊಂಡದ್ದು ಸಿಸ್ಟಮ್‌ಡಿಯನ್ನು. ಅದು ಅತಿಯಾಗಿ ಬೆಳೆದಿದೆ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೂ ಎರಡೂ ಬಗೆಯ ಸೇವೆಗಳು ಅಲ್ಲಿ ಒಂದೇ ಕಡೆ ಸಿಗುತ್ತವೆ. ಆರ್‌ಸಿಂಕ್‌ಗಾಗಿ 873ನೇ ಪೋರ್ಟ್ ಕಾಯುವ ಸಾಕೆಟ್ ಕಡತವೊಂದನ್ನು ಬರೆದು, ‘ಆಕ್ಸೆಪ್ಟ್=ಯೆಸ್’ ಎಂದು ಕೊಟ್ಟೆ; ಆಗ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಪ್ರತಿ ಎದ್ದು, ಕೆಲಸ ಮುಗಿಸಿ, ನಿಲ್ಲುತ್ತದೆ. ಸಾಂಬಾ ಕಡತಕ್ಕೆ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಸೇರಿಸಿದ್ದರಿಂದ, ಕರೆಂಟ್ ಹೋಗಿ ಬಂದಾಗ ಡಿಸ್ಕ್ ಸಿದ್ಧವಾಗದಿದ್ದರೆ ಸೇವೆ ಶುರುವಾಗುವುದಿಲ್ಲ. ಖಾಲಿ ಫೋಲ್ಡರ್‌ಗೆ ಫೋಟೊ ಬರೆಯುವ ಅಪಾಯವೂ ಇಲ್ಲ. ಸತ್ತ ಸೇವೆಯನ್ನು ಮತ್ತೆ ಶುರುಮಾಡಿಸುವ ‘ರೀಸ್ಟಾರ್ಟ್’ ಜೊತೆಗೆ, ಅದಕ್ಕೆ ಮುನ್ನ ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ‘ರೀಸ್ಟಾರ್ಟ್‌ಸೆಕ್’ ಕೂಡ ಬರೆಯುವುದು ಅಗತ್ಯ: ಇಲ್ಲವಾದರೆ ಮರುಯತ್ನಗಳು 100 ಮಿಲಿಸೆಕೆಂಡಿಗೊಂದರಂತೆ ನಡೆದು, 10 ಸೆಕೆಂಡಿಗೆ 5 ಸಲ ಎಂಬ ಮೂಲ ಮಿತಿ ಬೇಗನೆ ಮುಗಿದು, ಸಿಸ್ಟಮ್‌ಡಿ ಕೈಬಿಡುತ್ತದೆ.

ಎಕ್ಸ್‌ಇನೆಟ್‌ಡಿಯಿಂದ ಬರುವವರು ಇನ್ನೊಂದನ್ನು ಗಮನಿಸಬೇಕು. ಯಾವ ಐಪಿ ವಿಳಾಸಗಳಿಗೆ ಪ್ರವೇಶವಿದೆ, ಯಾವುವಕ್ಕೆ ಇಲ್ಲ ಎಂದು ಹೇಳಲು ಸರ್ವಿಸ್ ಕಡತದಲ್ಲಿ ಬರೆದ ‘ಐಪಿಅಡ್ರೆಸ್‌ಅಲೌ’, ‘ಐಪಿಅಡ್ರೆಸ್‌ಡಿನೈ’ ನಿಯಮಗಳು ಸಾಕೆಟ್ ಮೂಲಕ ಬಂದ ಸಂಪರ್ಕಕ್ಕೆ ಅನ್ವಯಿಸುವುದಿಲ್ಲ. ಅವನ್ನು ಸಾಕೆಟ್ ಕಡತದಲ್ಲೂ ಬರೆಯಲೇಬೇಕು.