ಲಗ್ನಪತ್ರಿಕೆಯ ಒತ್ತಕ್ಷರ ಕಳಚಿದ ದಿನ

ಚಾಮರಾಜಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮೂರು ಕಂಪ್ಯೂಟರ್, ಒಬ್ಬ ಹುಡುಗ. ಮಾಘ ಮಾಸದ ಒಂದು ಬೆಳಿಗ್ಗೆ ಆಮಂತ್ರಣದ ಕರಡು ತೆಗೆದರೆ ‘ಲಗ್ನಪತ್ರಿಕೆ’ ಹೋಗಿ ‘ಲಗ್‌ನಪತ್‌ರಿಕೆ’ ಆಗಿತ್ತು. ಪುಟವಿನ್ಯಾಸದ ತಂತ್ರಾಂಶ ರಾತ್ರೋರಾತ್ರಿ ಅಪ್‌ಡೇಟ್ ಆಗಿ ಒತ್ತಕ್ಷರಗಳನ್ನೆಲ್ಲ ಬಿಚ್ಚಿಹಾಕಿತ್ತು. ವಧುವಿನ ತಂದೆ ಎದುರಿಗೇ ಕುಳಿತಿದ್ದರು.

ಸೆಟ್ಟಿಂಗ್ಸ್ ಕೆದಕಿದಾಗ, ಹೊಸ ಸೌಲಭ್ಯಗಳನ್ನು ಎಲ್ಲರಿಗಿಂತ ಮೊದಲು ಪಡೆಯುವ ಆಯ್ಕೆಗೆ ಟಿಕ್ ಬಿದ್ದಿತ್ತು. ಯಾವಾಗ ಹಾಕಿದೆನೋ ನೆನಪಿಲ್ಲ. ಸೌಲಭ್ಯ ಎಂದು ಬರೆದಿದ್ದರೇ ಹೊರತು ಪರೀಕ್ಷೆ ಎಂದು ಬರೆದಿರಲಿಲ್ಲ.

ಕ್ರೋಮ್ ಬ್ರೌಸರ್ ಕೆನರಿ, ಡೆವ್, ಬೀಟಾ, ಸ್ಟೇಬಲ್ ಎಂಬ ನಾಲ್ಕು ವಾಹಿನಿಗಳಲ್ಲಿ ಬರುತ್ತದೆ; ಮೊದಲನೆಯದು ತೀರಾ ಹಸಿ ಪ್ರಯೋಗ, ಬೀಟಾ ಬಿಡುಗಡೆಗೆ ಮುಂಚಿನ ಪರೀಕ್ಷೆ, ಕೊನೆಯದು ಎಲ್ಲರ ಬಳಕೆಗೆ. ಅಲ್ಲಿ ಈ ಮೋಸವಿಲ್ಲ. ಕೆನರಿಗಂತೂ ಕಲ್ಲಿದ್ದಲು ಗಣಿಯಲ್ಲಿ ವಿಷಾನಿಲ ಪತ್ತೆಗೆ ಒಯ್ಯುತ್ತಿದ್ದ ಹಕ್ಕಿಯ ಹೆಸರನ್ನೇ ಇಟ್ಟಿದ್ದಾರೆ. ಬೇಕಾದವರು ತಿಳಿದೇ ಹಾಕಿಕೊಳ್ಳುತ್ತಾರೆ. ಆದರೆ ಸ್ಟೇಬಲ್ ಕೂಡ ಮೊದಲು ಕೆಲವೇ ಮಂದಿಗೆ ಹೋಗಿ, ದೂರು ಬರದಿದ್ದರೆ ಉಳಿದವರಿಗೆ ಬರುತ್ತದೆ. ಆ ಕೆಲವರಲ್ಲಿ ನಾವಿದ್ದೇವೆಯೇ ಎಂದು ಯಾರೂ ಹೇಳುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಅಪ್‌ಡೇಟ್ ಕೆಲವರ ಕಡತಗಳನ್ನು ಅಳಿಸಿತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದರು. ಅದು ಮೊದಲು ತಲುಪಿದ್ದು, ಅಪ್‌ಡೇಟ್ ಇದೆಯೇ ಎಂದು ತಾವಾಗಿ ಗುಂಡಿ ಒತ್ತಿ ನೋಡಿದವರಿಗೆ. ಸ್ವಯಂಸೇವಕ ಪರೀಕ್ಷಕರು ಅದಕ್ಕೂ ಮೊದಲೇ ದೂರು ಕೊಟ್ಟಿದ್ದರೂ ರಾಶಿಯಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ.

ಈಗ ನನ್ನ ಅಂಗಡಿಯಲ್ಲಿ ಮೂಲೆಯ ಹಳೆಯ ಯಂತ್ರವೊಂದೇ ಬೀಟಾ. ಹೊಸದೇನೇ ಬಂದರೂ ಮೊದಲು ಅದಕ್ಕೆ. ಕೂಡಲೇ ಒಂದು ಪುಟ ಮುದ್ರಿಸುತ್ತೇನೆ: ಸ್ವಾತಂತ್ರ್ಯ, ಅರ್ಘ್ಯ, ಲಕ್ಷ್ಮಿ, ರಾಷ್ಟ್ರೀಯ, ಜ್ಞಾನ. ಮೂರು ಅಕ್ಷರ ಸೇರುವ ಜಾಗದಲ್ಲೇ ಬಣ್ಣ ಬಯಲಾಗುವುದು. ‘ಸ್ವಾತಂತ್ರ್ಯ’ ಪಾಸಾದರೆ ಮುಕ್ಕಾಲು ಪಾಲು ಗೆದ್ದಂತೆ. ಕೆಲಸದ ಎರಡು ಯಂತ್ರಗಳಿಗೆ ಹದಿನೈದು ದಿನ ಬಿಟ್ಟು ಹಾಕುತ್ತೇನೆ. ಭದ್ರತಾ ತೇಪೆಗಳಿಗೆ ಮಾತ್ರ ಈ ಕಾಯುವಿಕೆ ಇಲ್ಲ. ಆ ಎರಡು ಯಂತ್ರಗಳಲ್ಲಿ ಬ್ರೌಸರ್ ಫೈರ್‌ಫಾಕ್ಸ್‌ನ ಇಎಸ್‌ಆರ್, ಅಂದರೆ ದೀರ್ಘಾವಧಿ ಬೆಂಬಲದ ಆವೃತ್ತಿ; ಭದ್ರತೆಯ ತಿದ್ದುಪಡಿ ಆಗಾಗ ಬರುತ್ತದೆ, ದೊಡ್ಡ ಬದಲಾವಣೆ ವರ್ಷಕ್ಕೊಮ್ಮೆ. ಕಾರ್ಯಾಚರಣೆ ವ್ಯವಸ್ಥೆಯನ್ನೇ ಬದಲಿಸುವುದಿದ್ದರೆ ಆಷಾಢಕ್ಕೆ ಮುಂದೂಡುತ್ತೇನೆ, ಆಗ ಮದುವೆಗಳಿಲ್ಲ.

ಕಳೆದ ತಿಂಗಳು ಬೀಟಾ ಯಂತ್ರದಲ್ಲಿ ‘ಲಕ್ಷ್ಮಿ’ಯ ಮಕಾರ ಕೆಳಗಿನ ಸಾಲಿಗೆ ಜಾರಿತ್ತು. ಚಿತ್ರ ಸಮೇತ ಅರ್ಧ ಗಂಟೆ ಕುಳಿತು ದೂರು ಬರೆದೆ. ಹುಡುಗ ಇಣುಕಿ ನೋಡಿ, ‘ಇದರ ಬಿಲ್ಲು ಯಾರ ಹೆಸರಿಗೆ ಹಾಕಲಿ ಸರ್?’ ಎಂದ.