ತಣ್ಣೀರಿನ ಡೈವಿಂಗ್‌ಗೆ ಮೊದಲ ರೆಗ್ಯುಲೇಟರ್ ಆರಿಸುವುದು ಹೇಗೆ

ಮುರುಡೇಶ್ವರದಿಂದ ದೋಣಿಯೇರಿ, ನೇತ್ರಾಣಿಯ ಬೆಚ್ಚನೆಯ ಕಡಲಿನಲ್ಲಿ ಸ್ಕೂಬಾ ಕಲಿತವರು ಓದಿಗೋ ಉದ್ಯೋಗಕ್ಕೋ ಇಂಗ್ಲೆಂಡ್, ಜರ್ಮನಿ ಅಥವಾ ಸ್ವೀಡನ್‌ಗೆ ಹೋಗಿ ನೆಲೆಸಿದಾಗ, ಅಲ್ಲಿನ ಸರೋವರಗಳಲ್ಲಿ ಮತ್ತು ನೀರು ತುಂಬಿದ ಹಳೆಯ ಕಲ್ಲುಗಣಿಗಳಲ್ಲಿ ಮುಳುಗುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಲೆಸ್ಟರ್‌ಶೈರ್‌ನ ಸ್ಟೋನಿ ಕೋವ್ ಅಂತಹ ಒಂದು ಗಣಿ. ಚಳಿಗಾಲದಲ್ಲಿ ಅದರ ನೀರು 4ರಿಂದ 6 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಈ ಚಿಂತೆ ಇಲ್ಲವೆಂದು ಭಾವಿಸಬಾರದು. ಸಿಹಿನೀರು ಸುಮಾರು 4 ಡಿಗ್ರಿಯಲ್ಲಿ ಅತ್ಯಂತ ಸಾಂದ್ರವಾಗಿರುವುದರಿಂದ, ಮೇಲ್ಪದರ ಎಷ್ಟೇ ಬೆಚ್ಚಗಾದರೂ ಆಳವಾದ ಸರೋವರಗಳ ತಳದ ನೀರು ವರ್ಷವಿಡೀ ಆ ಮಟ್ಟದ ಆಸುಪಾಸಿನಲ್ಲೇ ಉಳಿಯುತ್ತದೆ. ಸಿಲಿಂಡರಿನ ಗಾಳಿಯನ್ನು ಉಸಿರಾಟಕ್ಕೆ ತಕ್ಕಂತೆ ಬಾಯಿಗೆ ಒದಗಿಸುವ ಉಪಕರಣವೇ ರೆಗ್ಯುಲೇಟರ್. ನೇತ್ರಾಣಿಯಲ್ಲಿ ಎಂದೂ ತೊಂದರೆ ಕೊಡದ ರೆಗ್ಯುಲೇಟರ್ ಇಂತಹ ನೀರಿನಲ್ಲಿ ಹಿಮಗಟ್ಟಿ, ಸಿಲಿಂಡರಿನ ಗಾಳಿಯನ್ನು ತಡೆಯಿಲ್ಲದೆ ಹೊರಚೆಲ್ಲಬಹುದು. ಡೈವರ್‌ಗಳು ಫ್ರೀ ಫ್ಲೋ ಎಂದು ಕರೆಯುವುದು ಇದನ್ನೇ. ತಣ್ಣೀರಿಗೆ ಕೊಳ್ಳುವ ರೆಗ್ಯುಲೇಟರ್‌ನ ಕುರಿತ ಪ್ರತಿಯೊಂದು ಪ್ರಶ್ನೆಯೂ ಕೊನೆಗೆ ಈ ಒಂದು ಅಪಾಯಕ್ಕೇ ಬಂದು ನಿಲ್ಲುತ್ತದೆ.

4 ಡಿಗ್ರಿಯ ನೀರಿನಲ್ಲಿ ಮಂಜುಗಡ್ಡೆ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಹೊಳೆಯುತ್ತವೆ. ಸಿಲಿಂಡರಿನಲ್ಲಿ 200 ಅಥವಾ 232 ಬಾರ್ ಒತ್ತಡದಲ್ಲಿರುವ ಗಾಳಿಯನ್ನು, ರೆಗ್ಯುಲೇಟರ್‌ನಲ್ಲಿ ಸಿಲಿಂಡರಿಗೆ ಜೋಡಿಸುವ ಭಾಗವಾದ ಫಸ್ಟ್ ಸ್ಟೇಜ್, ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಹೆಚ್ಚಿರುವ ಮಟ್ಟಕ್ಕೆ ಇಳಿಸುತ್ತದೆ. ಬಾಯಿಯಲ್ಲಿ ಕಚ್ಚಿಕೊಳ್ಳುವ ಸೆಕೆಂಡ್ ಸ್ಟೇಜ್ ಅದನ್ನು ಉಸಿರಾಟಕ್ಕೆ ತಕ್ಕ ಒತ್ತಡಕ್ಕೆ ತರುತ್ತದೆ. ಸೈಕಲ್ ಟೈರಿನ ವಾಲ್ವ್ ಒತ್ತಿ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗೆ ತಾಗುವಂತೆ, ಹಿಗ್ಗುವ ಗಾಳಿ ಇಲ್ಲಿಯೂ ತಂಪಾಗುತ್ತದೆ. ಆದರೆ ಇಲ್ಲಿನ ಒತ್ತಡ ಬಹಳ ದೊಡ್ಡದಾದ್ದರಿಂದ ಫಸ್ಟ್ ಸ್ಟೇಜಿನ ಒಳಭಾಗ ಶೂನ್ಯಕ್ಕಿಂತ ಸಾಕಷ್ಟು ಕೆಳಗೆ ಇಳಿಯುತ್ತದೆ. ಅದನ್ನು ತಾಗುವ ನೀರು ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಆಳ ಹೆಚ್ಚಿದಷ್ಟೂ ಅಪಾಯ ಹೆಚ್ಚುತ್ತದೆ, ಏಕೆಂದರೆ 30 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಮೇಲ್ಮೈಯ ನಾಲ್ಕು ಪಟ್ಟು ಗಾಳಿ ಈ ದಾರಿಯಲ್ಲಿ ಹರಿದು ಬರಬೇಕಾಗುತ್ತದೆ.

ಮಂಜು ಕಟ್ಟಿದ ಫಸ್ಟ್ ಸ್ಟೇಜ್ ಪೂರ್ತಿ ಮುಚ್ಚಿಕೊಳ್ಳಲಾರದೆ ಹೋದಾಗ ಅದರಿಂದ ಹೊರಡುವ ಗಾಳಿಯ ಒತ್ತಡ ಏರುತ್ತಾ ಹೋಗಿ ಸೆಕೆಂಡ್ ಸ್ಟೇಜಿನ ವಾಲ್ವನ್ನು ತಳ್ಳಿ ತೆರೆಯುತ್ತದೆ. ಆ ಹರಿವು ಉಪಕರಣವನ್ನು ಇನ್ನಷ್ಟು ತಂಪಾಗಿಸುವುದರಿಂದ ನೀರಿನೊಳಗಿರುವಾಗ ಅದು ತಾನಾಗಿ ನಿಲ್ಲುವುದು ಅಪರೂಪ. ತುಂಬಿದ 12 ಲೀಟರ್ ಸಿಲಿಂಡರ್ ಕೂಡ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಇಷ್ಟಾದರೂ, ಈಗಿನ ಬಹುತೇಕ ರೆಗ್ಯುಲೇಟರ್‌ಗಳು ಕೆಟ್ಟಾಗ ಗಾಳಿಯನ್ನು ನಿಲ್ಲಿಸುವ ಬದಲು ಅತಿಯಾಗಿ ಕೊಡುವಂತೆಯೇ ರಚನೆಗೊಂಡಿರುತ್ತವೆ ಎಂಬುದನ್ನು ಹೊಸಬರು ನೆನಪಿನಲ್ಲಿಟ್ಟುಕೊಂಡರೆ ಗಾಬರಿ ಅರ್ಧ ಕಡಿಮೆಯಾಗುತ್ತದೆ.

ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಉಪಕರಣದ ಮೇಲೆ ಕೊರೆದಿರುವ ಗುರುತನ್ನು. ಯುರೋಪಿನ ಇಎನ್ 250 ಮಾನದಂಡದ ಪ್ರಕಾರ 10 ಡಿಗ್ರಿಗಿಂತ ತಂಪಾದ ನೀರು ತಣ್ಣೀರು. ಅದಕ್ಕೆ ಯೋಗ್ಯವೆನಿಸಿಕೊಳ್ಳಲು ರೆಗ್ಯುಲೇಟರ್ 4 ಡಿಗ್ರಿಯ ನೀರಿನಲ್ಲಿ, 50 ಮೀಟರ್ ಆಳದ ಒತ್ತಡದಲ್ಲಿ, ನಿಮಿಷಕ್ಕೆ 62.5 ಲೀಟರಿನ ಏದುಸಿರನ್ನು ತಾಳಿಕೊಳ್ಳಬೇಕು. ಈ ಪರೀಕ್ಷೆಗೆ ಒಳಪಡದ ಅಥವಾ ಅದರಲ್ಲಿ ಗೆಲ್ಲದ ಉಪಕರಣದ ಮೇಲೆ 10 ಡಿಗ್ರಿಗಿಂತ ಹೆಚ್ಚಿನ ನೀರಿಗೆ ಮಾತ್ರ ಎಂಬರ್ಥದ ಚಿಹ್ನೆ ಇರುತ್ತದೆ. ಆ ಚಿಹ್ನೆ ಕಂಡರೆ, ಬೆಲೆಯಲ್ಲಿ ಎಷ್ಟೇ ರಿಯಾಯಿತಿ ಇದ್ದರೂ ಅದನ್ನು ಕೆಳಗಿಟ್ಟುಬಿಡಿ. 2014ರ ಪರಿಷ್ಕರಣೆಯ ನಂತರ ಬಂದ ಇಎನ್ 250ಎ ಎಂಬ ಗುರುತು, ಒಂದೇ ಫಸ್ಟ್ ಸ್ಟೇಜಿನಿಂದ ಇಬ್ಬರು ಒಟ್ಟಿಗೆ ಉಸಿರಾಡಬೇಕಾದ ಸಂದರ್ಭಕ್ಕೂ ಪರೀಕ್ಷೆ ನಡೆದಿದೆ ಎಂಬುದನ್ನು ಸೂಚಿಸುತ್ತದೆ. ಸಂಗಾತಿಗಾಗಿ ಆಕ್ಟೋಪಸ್ ಎಂಬ ಹೆಚ್ಚುವರಿ ಸೆಕೆಂಡ್ ಸ್ಟೇಜನ್ನು ಜೋಡಿಸುವ ಎಲ್ಲರಿಗೂ ಇದು ಮುಖ್ಯ. ಆದರೆ ಈ ಪರೀಕ್ಷೆ 4 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ ವರ್ಷವಿಡೀ 2ರಿಂದ 4 ಡಿಗ್ರಿಯ ನೀರಿರುತ್ತದೆ, ಅದೂ ಸಿಹಿನೀರು. ಅಂತಹ ಕಡೆಗೆ ಹೋಗುವ ಉದ್ದೇಶವಿದ್ದರೆ ಗುರುತೊಂದನ್ನೇ ನಂಬದೆ, ಆ ಉಷ್ಣತೆಯ ಬಗ್ಗೆ ತಯಾರಕರ ಕೈಪಿಡಿ ಏನು ಹೇಳುತ್ತದೆ ಎಂದು ಓದಿ ನೋಡಬೇಕು.

ಎರಡನೆಯ ಪ್ರಶ್ನೆ ಫಸ್ಟ್ ಸ್ಟೇಜಿನ ಒಳರಚನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ಸಾಮಾನ್ಯ ಪಿಸ್ಟನ್ ಮಾದರಿಯಲ್ಲಿ ಸುತ್ತಲಿನ ನೀರು ಸ್ಪ್ರಿಂಗ್ ಮತ್ತು ಪಿಸ್ಟನ್ ಇರುವ ಕೋಣೆಗೆ ನೇರವಾಗಿ ನುಗ್ಗುತ್ತದೆ. ಮಂಜು ಕಟ್ಟಿದರೆ ಚಲಿಸುವ ಭಾಗವೇ ಸಿಕ್ಕಿಹಾಕಿಕೊಳ್ಳುತ್ತದೆ. ಡಯಾಫ್ರಾಮ್ ಮಾದರಿಯಲ್ಲಿ ವಾಲ್ವಿಗೂ ನೀರಿಗೂ ನಡುವೆ ರಬ್ಬರಿನ ಪೊರೆಯೊಂದು ಇರುತ್ತದೆ, ಆದರೂ ಪೊರೆಯ ಹೊರಗಿನ ಸ್ಪ್ರಿಂಗ್ ನೀರಿನಲ್ಲಿಯೇ ಉಳಿಯುತ್ತದೆ. ಅದರ ಹೊರಗೆ ಮತ್ತೊಂದು ಪೊರೆಯನ್ನು ಕೂರಿಸಿ ಆ ಕೋಣೆಯನ್ನೂ ಒಣಗಿಯೇ ಇಟ್ಟರೆ ಅದು ಎನ್ವಿರಾನ್‌ಮೆಂಟಲ್ ಸೀಲ್ ಇರುವ ಡಯಾಫ್ರಾಮ್ ಆಗುತ್ತದೆ. ಮೊದಲ ಬಾರಿಗೆ ಕೊಳ್ಳುವವರು ಇದನ್ನೇ ಆರಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕಂಪನಿಯ ಹೆಸರು ಕೇಳಿ ತೃಪ್ತರಾಗಬೇಡಿ: ಸ್ಕೂಬಾಪ್ರೋ ಒಂದರಲ್ಲಿಯೇ ಎಂಕೆ25 ಪಿಸ್ಟನ್ ಮಾದರಿಯದು, ಎಂಕೆ17 ಸೀಲ್ ಇರುವ ಡಯಾಫ್ರಾಮ್ ಮಾದರಿಯದು. ಜೊತೆಗೆ ಅದು ಬ್ಯಾಲೆನ್ಸ್ಡ್ ಆಗಿರಲಿ. ಸಿಲಿಂಡರ್ ಬರಿದಾಗುತ್ತಾ ಬಂದರೂ ಉಸಿರಾಟದ ಶ್ರಮ ಆಗ ಬದಲಾಗುವುದಿಲ್ಲ.

ಸೀಲ್ ಇದ್ದ ಮಾತ್ರಕ್ಕೆ ಸೆಕೆಂಡ್ ಸ್ಟೇಜ್ ಸುರಕ್ಷಿತವೆಂದಲ್ಲ. ನಮ್ಮ ಉಸಿರಿನ ತೇವವೇ ಅಲ್ಲಿನ ಲಿವರ್ ಮತ್ತು ವಾಲ್ವಿನ ಮೇಲೆ ಹೆಪ್ಪುಗಟ್ಟಬಹುದು. ಲೋಹದ ಭಾಗಗಳು ಸುತ್ತಲಿನ ನೀರಿನ ಶಾಖವನ್ನು ಒಳಕ್ಕೆ ಒಯ್ಯುತ್ತವೆ, ಏಕೆಂದರೆ ಒಳಗಿನ ಗಾಳಿಗೆ ಹೋಲಿಸಿದರೆ 4 ಡಿಗ್ರಿಯ ನೀರೂ ಬೆಚ್ಚಗಿನದೇ. ಆದ್ದರಿಂದ ಪೂರ್ತಿ ಪ್ಲಾಸ್ಟಿಕ್ಕಿನದಕ್ಕಿಂತ ಲೋಹದ ಕವಚದ್ದು ಅಥವಾ ಮೆದುಗೊಳವೆ ಸೇರುವ ಕಡೆ ಶಾಖ ಹೀರುವ ಲೋಹದ ರೆಕ್ಕೆಗಳುಳ್ಳದ್ದು ಉತ್ತಮ. ದಪ್ಪ ಕೈಗವಸು ತೊಟ್ಟು ಅಂಗಡಿಯಲ್ಲಿಯೇ ಗುಂಡಿಗಳನ್ನು ತಿರುಗಿಸಿ ನೋಡಿ. ಬರಿಗೈಗೆ ಸಲೀಸಾಗಿ ಸಿಗುವ ಗುಂಡಿ ಗವಸಿನ ಬೆರಳಿಗೆ ಸಿಗದೆ ಹೋಗುವುದುಂಟು.

ಸಿಲಿಂಡರಿಗೆ ಜೋಡಿಸುವ ಬಗೆಯಲ್ಲಿ ಡಿನ್ (ವಾಲ್ವಿನೊಳಕ್ಕೆ ತಿರುಪಿ ಕೂರಿಸುವುದು) ಮತ್ತು ಯೋಕ್ (ವಾಲ್ವನ್ನು ಸುತ್ತುವರಿದು ಹಿಡಿಕಟ್ಟಿನಂತೆ ಬಿಗಿಯುವುದು) ಎಂಬ ಎರಡರ ಪೈಕಿ ಡಿನ್ ಕೊಳ್ಳಿ. ಅದರ ಓ-ರಿಂಗ್ ಎಂಬ ರಬ್ಬರಿನ ಬಳೆ ಲೋಹದ ನಡುವೆ ಬಂಧಿಯಾಗಿರುತ್ತದೆ, ತಿರುಪಿನ ಹಿಡಿತ ಬಿಗಿಯಾಗಿರುತ್ತದೆ. ಯೋಕ್ ವಾಲ್ವಿನ ಸಿಲಿಂಡರ್ ಸಿಗುವ ಊರಿಗೆ ಪ್ರವಾಸ ಹೋದಾಗ ಅಡಾಪ್ಟರ್ ಸಾಕು.

ಜರ್ಮನಿಯ ಸರೋವರಗಳಲ್ಲಿ ಒಂದೇ ಸಿಲಿಂಡರಿಗೆ ಎರಡು ವಾಲ್ವುಗಳಿದ್ದು, ಡೈವರ್‌ಗಳು ಎರಡು ಪ್ರತ್ಯೇಕ ಫಸ್ಟ್ ಸ್ಟೇಜ್‌ಗಳನ್ನು ಬಳಸುವುದು ವಾಡಿಕೆ. ಒಂದಕ್ಕೆ ಮುಖ್ಯ ಸೆಕೆಂಡ್ ಸ್ಟೇಜ್ ಮತ್ತು ಡ್ರೈಸೂಟಿನ (ನೀರು ಒಳಬರದ ಉಡುಪಿನ) ಕೊಳವೆ, ಇನ್ನೊಂದಕ್ಕೆ ಆಕ್ಟೋಪಸ್ ಮತ್ತು ಬಿಸಿಡಿಯ (ತೇಲುವಿಕೆಯನ್ನು ಹೊಂದಿಸುವ, ಗಾಳಿ ತುಂಬುವ ಜಾಕೆಟ್ಟಿನ) ಕೊಳವೆ. ಒಂದು ಹಿಮಗಟ್ಟಿದರೆ ಅದರ ವಾಲ್ವನ್ನು ಮುಚ್ಚಿ ಇನ್ನೊಂದರಿಂದ ಉಸಿರಾಡಬಹುದು. ಅದಕ್ಕಿಂತ ಮೊದಲೇ, ಹೊರೆ ಹಂಚಿಹೋಗುವುದರಿಂದ ಹಿಮಗಟ್ಟುವ ಸಂಭವವೂ ಇಳಿಯುತ್ತದೆ. ಖರ್ಚು ಹೆಚ್ಚೆಂಬುದು ನಿಜ. ಆದರೂ ಒಂದು ದುಬಾರಿ ಸೆಟ್ಟಿಗೆ ಹಣ ಸುರಿಯುವುದಕ್ಕಿಂತ ಮಧ್ಯಮ ಬೆಲೆಯ, ಸೀಲ್ ಇರುವ ಎರಡು ಫಸ್ಟ್ ಸ್ಟೇಜ್‌ಗಳನ್ನು ಕೊಳ್ಳುವುದೇ ಮೇಲೆಂದು ನಾನು ನಂಬುತ್ತೇನೆ.

ಇನ್ನು ಸರ್ವಿಸ್. ನೀವಿರುವ ಊರಿನ ಸಮೀಪ ಆ ಮಾದರಿಯನ್ನು ಬಿಚ್ಚಿ ಜೋಡಿಸಬಲ್ಲ, ತಯಾರಕರ ಮಾನ್ಯತೆ ಪಡೆದ ತಂತ್ರಜ್ಞರಿದ್ದಾರೆಯೇ, ಬಿಡಿಭಾಗಗಳು ಸಿಗುತ್ತವೆಯೇ ಎಂದು ಹಣ ಕೊಡುವ ಮೊದಲೇ ವಿಚಾರಿಸಿ. ಬಳಸಿದ ರೆಗ್ಯುಲೇಟರ್ ಕೊಳ್ಳುವುದಾದರೆ ಸರ್ವಿಸ್ ಖರ್ಚನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ, ಸರ್ವಿಸ್ ಆಗದೆ ತಣ್ಣೀರಿಗೆ ಇಳಿಸಬೇಡಿ. ಅತಿ ಸೂಕ್ಷ್ಮವಾಗಿ ಹೊಂದಿಸಿದ ಸೆಕೆಂಡ್ ಸ್ಟೇಜ್ ಬೇಗ ಫ್ರೀ ಫ್ಲೋಗೆ ತಿರುಗುವುದರಿಂದ, ತಣ್ಣೀರಿನ ಬಳಕೆಗೆಂದು ತಂತ್ರಜ್ಞರಿಗೆ ತಿಳಿಸಿ ಹೊಂದಿಸಿಕೊಳ್ಳಿ. ಗಾಳಿ ತುಂಬಿಸುವ ಕಡೆಯೂ ಉಸಿರಾಟದ ಗಾಳಿಯ ಮಾನದಂಡವಾದ ಇಎನ್ 12021ಕ್ಕೆ ತಕ್ಕ ಒಣ ಗಾಳಿಯನ್ನು ಕೊಡುವಂಥದ್ದಾಗಿರಲಿ. ಸಿಲಿಂಡರಿನೊಳಗಿನ ತೇವಕ್ಕೆ ಹೊರಗಿನ ಯಾವ ಸೀಲ್ ಕೂಡ ಉತ್ತರವಲ್ಲ.

ಕೊಂಡ ಮೇಲೆ, ಕೊರೆಯುವ ಗಾಳಿಯಲ್ಲಿ ದಡದ ಮೇಲೆ ನಿಂತು ಅದರಿಂದ ಪದೇ ಪದೇ ಉಸಿರಾಡಬೇಡಿ, ಸೆಕೆಂಡ್ ಸ್ಟೇಜಿನಿಂದ ಗಾಳಿಯನ್ನು ನೇರವಾಗಿ ಹೊರಬಿಡುವ ಪರ್ಜ್ ಬಟನ್ನನ್ನು ದೀರ್ಘವಾಗಿ ಒತ್ತಬೇಡಿ. ನೀರಿನೊಳಗೆ ಬಿಸಿಡಿಗೂ ಡ್ರೈಸೂಟಿಗೂ ಒಮ್ಮೆಲೇ ಗಾಳಿ ತುಂಬದೆ, ಉಸಿರು ಬಿಡುವ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ತುಂಬಿ. ಮೊದಲ ಕೆಲವು ಡೈವ್‌ಗಳನ್ನು ಕಡಿಮೆ ಆಳದಲ್ಲಿ, ಬೋಧಕರೊಂದಿಗೆ ಮಾಡಿ: ಫ್ರೀ ಫ್ಲೋ ಆಗುತ್ತಿರುವ ಮೌತ್‌ಪೀಸನ್ನು ತುಟಿಗಳಿಂದ ಪೂರ್ತಿ ಮುಚ್ಚದೆ ಬೇಕಾದಷ್ಟು ಗಾಳಿಯನ್ನು ಮಾತ್ರ ಎಳೆದುಕೊಳ್ಳುವುದನ್ನೂ, ಸಂಗಾತಿಯ ಆಕ್ಟೋಪಸ್ಸಿಗೆ ಬದಲಾಯಿಸಿಕೊಂಡು ಕೆಟ್ಟ ವಾಲ್ವನ್ನು ಮುಚ್ಚಿಸುವುದನ್ನೂ, ನಿಧಾನವಾಗಿ ಒಟ್ಟಿಗೆ ಮೇಲೇರುವುದನ್ನೂ ಗವಸು ತೊಟ್ಟ ಕೈಯಲ್ಲಿಯೇ ಅಭ್ಯಾಸ ಮಾಡಿ.